ಅರವತ್ತಾರರ ಗೆರೆ

ತಂಗಿ ತೀರಿಕೊಂಡ ಸುದ್ದಿ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಬಂತು. ಅಣ್ಣ ಕೂಡಲೇ ಹೊರಡುವಂತಿರಲಿಲ್ಲ. ವಾರದಲ್ಲಿ ಮೂರು ದಿನ ಮಧ್ಯಾಹ್ನದವರೆಗೆ ಅವನಿಗೆ ಬಿಡುವಿಲ್ಲವೆಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಉಳಿದ ಎರಡು ಗಂಟೆಯನ್ನು ಅವನು ಚಾವಣಿ ನೋಡುತ್ತ ಕಳೆದ. ಕಣ್ಣೀರು ಬರಲಿಲ್ಲ. ಅನುಮಾನ ಬಂತು. ಪಿತ್ತಕೋಶದಲ್ಲಿ ಕಲ್ಲಾಗಿತ್ತಂತೆ. ನಲವತ್ತೆಂಟನೇ ವಯಸ್ಸಿಗೆ ಅಷ್ಟರಿಂದಲೇ ಸಾಯುವುದುಂಟೆ?

ಮೂವತ್ತೊಂದು ವರ್ಷ ಅವನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವನು. ತಕ್ಕಡಿಯ ತಟ್ಟೆಯಡಿಗೆ ಅಂಟಿಸಿದ ಮೇಣದ ಉಂಡೆಯನ್ನು ವಾಸನೆಯಿಂದಲೇ ಹಿಡಿಯುತ್ತಾನೆಂದು ಅಂಗಡಿಯವರು ಹೇಳುತ್ತಿದ್ದರು. ತಂಗಿಯ ಗಂಡ ಬೇಕರಿಯವ. ಮದುವೆಗೆ ಮುಂಚೆ ಒಮ್ಮೆ ಅವನ ತಕ್ಕಡಿಯನ್ನು ಇವನೇ ಜಪ್ತಿ ಮಾಡಿ ಹೊತ್ತೊಯ್ದಿದ್ದ. ಅಂಗಡಿಯವನನ್ನು ನಂಬುವ ಅಭ್ಯಾಸ ಇವನಿಗೆ ಆಮೇಲೂ ಬರಲಿಲ್ಲ.

ಎಲ್ಲ ಮುಗಿದ ಮೇಲೆ, ಶುಕ್ರವಾರ, ಅವನು ಬೇಕರಿಯ ಮೇಲಿನ ಮನೆಗೆ ಹೋದ. ಜೇಬಿನಲ್ಲಿ ಪೊಲೀಸರಿಗೆ ಬರೆದ ದೂರು ಇತ್ತು. ಅದನ್ನು ಕೊಟ್ಟರೆ ಬೇಕರಿಯವ ಇವತ್ತೇ ಒಳಗೆ. ಒಂಬತ್ತನೇ ತರಗತಿಯಲ್ಲಿರುವ ತಂಗಿಯ ಮಗಳು ಮುದ್ದು, ತಾಯಿಯ ಹಿಂದೆ ತಂದೆಯನ್ನೂ ಕಳೆದುಕೊಳ್ಳುತ್ತಾಳೆ. ಆಗಲಿ, ಸೋದರಮಾವನಿದ್ದಾನಲ್ಲ ಎಂದುಕೊಂಡ.

ಒಲೆಯ ಝಳ ಮೆಟ್ಟಿಲವರೆಗೂ ಏರಿತ್ತು. ಆದರೂ ಅವನು ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚಲಿಲ್ಲ. ಹುಡುಗಿ ನೀರು ತಂದಳು. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಮಾವ ನೀರನ್ನೂ ತೂಗಿ ಕುಡೀತಾರೆ ಅಂತ ಅಮ್ಮ ನಗ್ತಿದ್ದಳು," ಎಂದಳು ಹುಡುಗಿ. ಈಗ ಅವಳು ನಗಲಿಲ್ಲ.

ಮಲಗುವ ಕೋಣೆಯ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಅಂಕಿಗಳಿದ್ದವು. ಎಂಬತ್ತನಾಲ್ಕು, ಎಂಬತ್ತು, ಎಪ್ಪತ್ತೇಳು, ಎಪ್ಪತ್ತಮೂರು, ಅರವತ್ತೆಂಟು. ಪಕ್ಕದಲ್ಲಿ ತಾರೀಕು. ಒಂಬತ್ತು ವಾರಕ್ಕೆ ಹದಿನಾರು ಕಿಲೋ. ಎಲ್ಲಕ್ಕೂ ಕೆಳಗೆ ಅರವತ್ತಾರು, ಅದರಡಿ ಕೆಂಪು ಗೆರೆ. ಕೈಬರಹ ಬ್ರೆಡ್ಡಿನ ಟ್ರೇಗಳ ಮೇಲಿದ್ದದ್ದೇ. ಬಾಗಿಲ ಬುಡದಲ್ಲಿ ತೂಕ ನೋಡುವ ಯಂತ್ರ. ಅಭ್ಯಾಸಬಲದಿಂದ ಬಗ್ಗಿ ನೋಡಿದ. ಮುಳ್ಳು ಸೊನ್ನೆಯಲ್ಲೇ ಇತ್ತು. ಯಂತ್ರ ಸರಿಯಿತ್ತು. ಮನುಷ್ಯ?

"ಇದನ್ನ ಬರೆದಿದ್ದು ಯಾರು?"

"ನಾನೇ, ಭಾವ."

"ಅರವತ್ತಾರು ಅಂತ ಗೊತ್ತು ಮಾಡಿದ್ದು?"

ಬೇಕರಿಯವ ಹಿಟ್ಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡ. "ಅದು ನಾನಲ್ಲ."

"ಮತ್ತಿನ್ಯಾರು, ದೆವ್ವವಾ? ಊರಿಗೆಲ್ಲ ಬ್ರೆಡ್ಡು ಮಾರೋನು, ಕಟ್ಟಿಕೊಂಡವಳಿಗೆ ಒಂದು ತುಂಡು ಹಾಕಲಿಲ್ಲವಲ್ಲಯ್ಯ! ದಪ್ಪಗಿದ್ದಾಳೆ ಅಂತ ನಾಚಿಕೆಯಾಯ್ತಾ?"

"ಬೈಯಿರಿ ಭಾವ. ತಟ್ಟೆ ಮುಂದಿಟ್ಟರೆ ಆ ಕಡೆ ತಳ್ಳೋಳು. ಬೆಳಗ್ಗೆ ಏನೂ ಇಲ್ಲ, ಸಂಜೆ ಒಂದು ಸೌತೆಕಾಯಿ. ಜಗಳ ಆಡಿದೆ. ಕೊನೆಗೆ ಪೆನ್ಸಿಲ್ ಕೈಗಿಟ್ಟು, 'ಬೈಯೋದು ಬಿಟ್ಟು ಲೆಕ್ಕ ಬರೀರಿ' ಅಂದಳು."

"ಹೊಟ್ಟೆನೋವು ಅಂದಾಗ ಎರಡು ದಿನ ಮನೇಲೇ ಯಾಕೆ ಇಟ್ಟುಕೊಂಡೆ?"

"ಬರಲ್ಲ ಅಂದಳು. ಆಸ್ಪತ್ರೇಲಿ ಗೊತ್ತಾದರೆ ಎಲ್ಲ ಕೆಟ್ಟುಹೋಗುತ್ತೆ ಅಂದಳು."

"ಏನು ಕೆಟ್ಟುಹೋಗುತ್ತೆ?"

"ಆಣೆ ಹಾಕಿಸಿಕೊಂಡಿದ್ದಾಳೆ, ಭಾವ. ನಿಮಗಂತೂ ಹೇಳೋ ಹಾಗಿಲ್ಲ."

ಸತ್ತವರ ಆಣೆ! ಅಣ್ಣ ಚಪ್ಪಲಿ ಮೆಟ್ಟಿಕೊಂಡ. ಸಾಕ್ಷಿ ಹೇಳಲು ಎದ್ದು ಬಾರದವಳ ಮೇಲೆ ಯಾರು ಬೇಕಾದರೂ ಭಾರ ಹಾಕಬಹುದು. ಆದರೂ ಎರಡು ಸಲ ತೂಗದೆ ಅವನು ಯಾವ ಅಂಗಡಿಯನ್ನೂ ಮುಚ್ಚಿಸಿದವನಲ್ಲ. ಪೊಲೀಸ್ ಠಾಣೆಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ, ತಂಗಿಯನ್ನು ಕೊನೆಗೆ ನೋಡಿದ ಶಸ್ತ್ರಚಿಕಿತ್ಸಕರ ಮುಂದೆ ಕುಳಿತ.

"ಪಿತ್ತರಸ ಹರೀದೆ ನಿಂತು ಗಟ್ಟಿಯಾದರೆ ಕಲ್ಲು ಕಟ್ಟುತ್ತೆ," ಎಂದರು ಡಾಕ್ಟರು. "ಜಿಡ್ಡು ತಿನ್ನೋರಿಗೆ, ದಪ್ಪಗಿರೋರಿಗೆ ಮಾತ್ರ ಬರುತ್ತೆ ಅಂದುಕೊಂಡಿದ್ದಾರೆ ಜನ. ಊಟ ಬಿಟ್ಟು ಸರ್ರನೆ ತೂಕ ಇಳಿಸಿದವರಿಗೂ ಬರುತ್ತೆ. ಇವರ ಕಲ್ಲು ನಾಳಕ್ಕೆ ಜಾರಿ ಸಿಕ್ಕಿಕೊಂಡು ಕೀವಾಗಿ ರಕ್ತಕ್ಕೆ ನಂಜೇರಿತ್ತು. ಎರಡು ದಿನ ಮೊದಲು ಬಂದಿದ್ದರೆ ಉಳೀತಿದ್ದರೇನೋ."

"ತಪ್ಪಿಸಬಹುದಿತ್ತಾ?"

"ಹೊತ್ತುಹೊತ್ತಿಗೆ ತಿನ್ನಬೇಕಿತ್ತು. ತರಕಾರಿ, ಕಾಳು, ಒಂದಿಷ್ಟು ನಡಿಗೆ. ಇಳಿಸಿದರೂ ವಾರಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಒಂದು. ಮೂರನೇ ಮಹಡಿಯವರು ಹೇಳಿ ಕಳಿಸಿದ್ದಾರೆ, ಕಾಗದದಲ್ಲಿದೆ. ಆರು ತಿಂಗಳು ತಗೊಳ್ಳಿ ಅಂದರೆ, ಅಷ್ಟು ದಿನ ಕಾಯೋಕಾಗಲ್ಲ ಅಂದರಂತೆ."

"ಗಂಡ ಅವಸರ ಮಾಡಿದ. ಬರೆದುಕೊಡ್ತೀರಾ?"

"ಗಂಡನಾ? ಬೇಡ ಬೇಡ ಅಂದರೂ ಕೇಳಲಿಲ್ಲ ಅಂತ ಅವರು ಇಲ್ಲೇ ಕೂತು ಅತ್ತಿದ್ದಾರೆ." ಡಾಕ್ಟರು ತಲೆಯೆತ್ತಿದರು. "ನೀವು ಅವರಿಗೆ ಏನಾಗಬೇಕು?"

"ಅಣ್ಣ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇನ್ನೊಬ್ಬ ಅಣ್ಣ ಇದ್ದಾರಾ?"

"ಇಲ್ಲ. ಅವಳಿಗೆ ನಾನೊಬ್ಬನೇ."

ಡಾಕ್ಟರು ಕಡತದ ಮೊದಲ ಹಾಳೆಯನ್ನು ಅವನ ಕಡೆ ತಿರುಗಿಸಿದರು.

ಮೂತ್ರಪಿಂಡ ದಾನಿ ಎಂಬಲ್ಲಿ ತಂಗಿಯ ಹೆಸರಿತ್ತು. ತೂಕ ಅರವತ್ತಾರಕ್ಕೆ ಇಳಿದರೆ ಮಾತ್ರ ಶಸ್ತ್ರಚಿಕಿತ್ಸೆ. ಬೇರೆ ಕಾಯಿಲೆ ಕಂಡರೆ ಹೆಸರು ರದ್ದು. ಅಣ್ಣ ಒಪ್ಪಲಾರ, ಎಲ್ಲ ಖಚಿತವಾಗುವವರೆಗೆ ಅವನಿಗೆ ತಿಳಿಸಬಾರದೆಂದು ದಾನಿಯ ಕೋರಿಕೆ. ಪಡೆಯುವವನ ಹೆಸರು, ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಎಡಗೈಗೆ ಸೂಜಿ ಚುಚ್ಚಿಸಿಕೊಂಡು ರಕ್ತ ತೊಳೆಯುವ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿ ಚಾವಣಿ ನೋಡುವವನದು.

ಅವನು ಕೂತಲ್ಲೇ ಕೈಮುಗಿದ. "ದೇವರೇ, ಅವಳ ಗಂಡನ ಕಾಲು ಹಿಡಿಯುವ ಶಕ್ತಿ ನನಗೆ ಕೊಡು. ಅವಳ ಮಗಳಿಗೆ ತಂದೆಯನ್ನು ಉಳಿಸು. ನನಗಾಗಿ ಹಸಿದು ಬಂದ ಆ ಜೀವಕ್ಕೆ ನಿನ್ನ ಬಳಿ ಶಾಂತಿ ಸಿಗಲಿ."