ನಿವೃತ್ತರ ಸಮಾಚಾರ

ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಪತ್ರಿಕೆ ಅಂಚೆಯಲ್ಲಿ ಬಂದ ದಿನ ನಿವೃತ್ತ ಪ್ರಾಚಾರ್ಯ ಹಣಮಂತರಾಯರಿಗೆ ಹಬ್ಬ. ಜೊತೆಗೆ ಓದಿದವರು ಬರೆದು ಕಳಿಸಿದ ಸಮಾಚಾರಗಳನ್ನು ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದಿ ನಗುವುದು ಅವರ ರೂಢಿ. ಅದೇ ಕಾಲೇಜಿನಲ್ಲಿ ಬಿಎಸ್ಸಿ ಓದಿದ್ದ ಹೆಂಡತಿ ಸುಮಿತ್ರಾಬಾಯಿ ಬಡಿಸುತ್ತ ನಿಂತು ಕೇಳಬೇಕು.

“ಕೇಳಿಲ್ಲೆ! ಆ ಘಳಗಿ ಎಪ್ಪತ್ತಕ್ಕ ಕೊಳಲು ಕಲೀಲಿಕ್ಕೆ ಹತ್ಯಾನಂತ. ಬಾಯಾಗ ಇರೋವು ನಾಕು ಹಲ್ಲು, ಏನು ಮಣ್ಣು ಊದತಾನ?”

“ಅವರಿಗೆ ಖುಷಿ ಅದ, ಕಲೀತಾರ.”

“ಖುಷಿಯಂತ ಖುಷಿ! ಈ ಪದ್ದಿ ಹಿಮಾಲಯ ಹತ್ತಿ ಬಂದಾಳಂತ. ಕಾಲೇಜಿನ ಮೆಟ್ಟಲ ಹತ್ತೋದ್ರಾಗ ತೇಕತಿದ್ಲು.”

ರಾಯರು ಪುಟ ತಿರುಗಿಸಿದರು.

“ಇದು ಇನ್ನೂ ಮಜಾ ಅದ. ಹೆಸರೇ ಇಲ್ಲ. ‘ಎಂಎಸ್ಸಿಗೆ ಸೀಟು ಸಿಕ್ಕಿದ ವರ್ಷವೇ ನನಗೆ ಮದುವೆ ಮಾಡಿದರು. ನಲವತ್ತೇಳು ವರ್ಷ ಒಬ್ಬರ ಮನೆಯಲ್ಲಿ ದುಡಿದೆ. ಈ ತಿಂಗಳು ನಿವೃತ್ತಳಾಗುತ್ತಿದ್ದೇನೆ. ಗೆಳತಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಅಲ್ಲಿ ಮತ್ತೆ ಓದುತ್ತೇನೆ.’ ಥೂ! ಇಂಥಾಕೀನ ಕಟಗೊಂಡಾವ ಎಂಥಾ ಹುಂಬ ಇರಬೇಕು!”

ಸುಮಿತ್ರಾಬಾಯಿ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಗಂಡನ ಎದುರಿನ ಕುರ್ಚಿಯಲ್ಲಿ ಕುಳಿತರು.

“ನಾ ಹೆಸರು ಹಾಕೇ ಕಳಿಸಿದ್ದೆ,” ಎಂದರು. “ನಿಮ್ಮ ಮಾನ ಹೋಗತದಂತ ಪತ್ರಿಕೆಯವರೇ ತಗದಾರ.”