ಗಾಜನೂರಿನ ಸೈರನ್

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಚಿತ್ರಾನ್ನದ ವಾಸನೆ ಬಂದರೆ, ಇವತ್ತಿಗೂ ನನ್ನ ಕಿವಿ ನೀರಿನ ಸದ್ದನ್ನು ಹುಡುಕುತ್ತದೆ.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿದ್ದರು. ಕೈಗಡಿಯಾರಕ್ಕಿಂತ ಅಲ್ಲಿನ ಸೈರನ್ನನ್ನೇ ಹೆಚ್ಚು ನಂಬುತ್ತಿದ್ದರು. ಎರಡು ಗಂಟೆಯ ಪಾಳಿಗೆ ಅದು ಕೂಗಿದ ಮೇಲೆಯೇ ಮನೆಯಲ್ಲಿ ಊಟ. ಭಾನುವಾರ ಅಮ್ಮನನ್ನೂ ನನ್ನನ್ನೂ ಎಲ್ಲಾದರೂ ನಡೆಸಿಕೊಂಡು ಹೋಗುವುದು ಅವರಿಗೆ ಇಷ್ಟ. ಅವತ್ತು ಗಾಜನೂರಿನಲ್ಲಿ ಬಸ್ಸಿಳಿದು, ಅಣೆಕಟ್ಟೆಯ ಕೆಳಗೆ ತುಂಗೆಯ ಒಣ ಬಂಡೆಗಳ ಮೇಲೆ ಬಹಳ ದೂರ ನಡೆದಿದ್ದೆವು. ಅಂಗಾಲು ಸುಡುತ್ತಿತ್ತು.

ಆಗ ಅಲ್ಲೂ ಒಂದು ಸೈರನ್ ಕೂಗಿತು.

“ಎರಡಾಯ್ತು. ಡಬ್ಬಿ ತೆಗಿ,” ಎಂದ ಅಪ್ಪ, ಒಂದೂವರೆ ತೋರಿಸುತ್ತಿದ್ದ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿದರು.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಬಟ್ಟೆಗಳನ್ನೇ ಬಾಚಿಕೊಂಡು ದಡಕ್ಕೆ ಓಡಿದರು.

“ಅವರ‍್ಯಾಕ್ರೀ ಹಂಗೆ ಓಡ್ತಿದಾರೆ?” ಅಮ್ಮ ಕೇಳಿದಳು.

“ಊಟಕ್ಕಿರ್ಬೇಕು ಮಾರಾಯ್ತಿ. ನೀನು ಬಡಿಸು.”

ಚಿತ್ರಾನ್ನದ ಎರಡನೇ ತುತ್ತಿಗೆ ನನ್ನ ಕಾಲ್ಬೆರಳಿಗೆ ತಣ್ಣನೆಯ ನೀರು ತಾಗಿತು.

“ಡ್ಯಾಮಿನ ಸೈರನ್ ಕೇಳ್ಲಿಲ್ವಾ? ಗೇಟ್ ಎತ್ತಿದಾರೆ, ಮೇಲೆ ಹತ್ತ್ರಪ್ಪೋ!” ದಡದಿಂದ ಹೆಂಗಸೊಬ್ಬಳು ಕಿರುಚಿದಳು.

ಅಪ್ಪ ನನ್ನನ್ನು ಬಾಚಿ ಎತ್ತಿಕೊಂಡು ಓಡಿದರು, ಹಿಂದೆಯೇ ಅಮ್ಮ. ದಡ ಹತ್ತಿ ತಿರುಗಿ ನೋಡಿದಾಗ ನಾವು ಕೂತಿದ್ದ ಬಂಡೆ ಕಾಣಲಿಲ್ಲ.

“ಈಗೆಷ್ಟು ಗಂಟೆ, ಹೇಳ್ರೀ?” ಎಂದಳು ಅಮ್ಮ.

ಅಪ್ಪ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದರು.