ಹೆಚ್ಚಾಗಿದ್ದೇನು?

ಆಸ್ಪತ್ರೆಯ ವರಾಂಡದಲ್ಲಿ ಶಿವಬಸಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದಿನವೂ ಹೆಂಡತಿ ನೀಲವ್ವನನ್ನು ತಾನೇ ಎತ್ತಿ ಇಳಿಸುವವನು ಇವತ್ತು ಸೊಂಟ ಹಿಡಿದಿದೆ ಎಂದು ಹೇಳಿ, ಟಂಟಂ ಆಟೋದ ಡ್ರೈವರನ ಕೈಯಿಂದ ಅವಳನ್ನು ಗಾಲಿಕುರ್ಚಿಗೆ ಇಳಿಸಿಸಿದ್ದ. ಅಂಗವಿಕಲರ ಮಾಸಾಶನ ಬರುತ್ತಿದ್ದರೂ, ತೊಂದರೆ ಹೆಚ್ಚಾಗಿದೆ, ಮತ್ತೆ ತಪಾಸಣೆ ಮಾಡಿ ಎಂದು ನೀಲವ್ವ ತಾನಾಗಿಯೇ ಅರ್ಜಿ ಹಾಕಿಸಿದ್ದಳು.

“ನಿನ್ನ ಕಾಲು ಮದಿವ್ಯಾದಾಗ ಹೆಂಗಿದ್ವೋ ಹಂಗ ಅದಾವ. ಸುಳ್ಳು ಹೇಳಿ ಸಿಕ್ಕಬಿದ್ರ, ಬರೋ ಪಗಾರಾನೂ ಹೋಗತೈತಿ,” ಎಂದು ಅವನು ಪಿಸುಗುಟ್ಟಿದ.

“ಸುಮ್ಮ ನಿಂದರ್ರಿ. ಒಂದು ಕಪ್ ಚಾ ಕುಡೀರಿ.”

“ಬ್ಯಾಡ.” ಅವನು ಎರಡೂ ಕೈಗಳನ್ನು ಬಗಲಲ್ಲಿ ಅವಚಿಕೊಂಡು ಮತ್ತೆ ಅತ್ತಿಂದಿತ್ತ ತಿರುಗಾಡಿದ.

ಒಳಗೆ ಡಾಕ್ಟರು ಆಕೆಯ ಕಾಲುಗಳನ್ನು ಒತ್ತಿ ನೋಡಿದರು. ಹಳೆಯ ಸರ್ಟಿಫಿಕೇಟಿನ ಮೇಲೆ ಕಣ್ಣಾಡಿಸಿದರು.

“ಮೊದಲಿನ ಹಾಗೇ ಇವೆಯಲ್ಲಮ್ಮ. ಹೆಚ್ಚಾಗಿದ್ದೇನು?”

ಕುರ್ಚಿಯ ಪಕ್ಕ ನಿಂತಿದ್ದ ಶಿವಬಸಪ್ಪ ಬಾಗಿಲ ಕಡೆ ನೋಡಿದ.

“ಕಾಲು ಹಂಗ ಅದಾವ್ರಿ ಸಾಹೇಬ್ರ,” ಎಂದಳು ನೀಲವ್ವ. “ನನ್ನ ಎತ್ತಿ ಇಳಸೋ ಕೈ ಈಗ ನಡಗಾಕ ಹತ್ಯಾವ. ಇವ್ರು ಬಗಲಾಗ ಮುಚ್ಚಿಟ್ಕೊಂಡಾರ, ತಗಿಸಿ ನೋಡ್ರಿ.”